ಗೋಡೆ ಮೇಲಿನ ಪೇಪರು

ನಮ್ಮ ಮನೆಗೆ ಬರುತ್ತಿದ್ದ ಪೇಪರನ್ನು ನಿಲ್ಲಿಸಿದವನು ನಾನೇ. ಅದನ್ನೂ ನೆಟ್ಟಗೆ ನಿಲ್ಲಿಸಲಿಲ್ಲ. ಪೇಪರ್ ಏಜೆಂಟರಿಗೆ ಅಪ್ಪನ ಧ್ವನಿಯಲ್ಲಿ ಫೋನ್ ಮಾಡಿ, ಅಪ್ಪನ ಥರವೇ ಗಂಟಲು ಸರಿಮಾಡಿಕೊಂಡು, "ಹ್ಞಾಂ, ನೋಡಿ, ನಾಳೆಯಿಂದ ನಮಗೆ ಪೇಪರ್ ಬೇಡ" ಅಂದೆ. ಅಷ್ಟಕ್ಕೇ ಫೋನ್ ಇಟ್ಟಿದ್ದರೆ ಬರೆಯೋದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಮಿಮಿಕ್ರಿ ಮಾಡುವವರಿಗೆ ಒಂದು ಕಾಯಿಲೆ ಇದೆ. ಧ್ವನಿ ಚೆನ್ನಾಗಿ ಕೂತುಬಿಟ್ಟರೆ ಬಾಯಿ ಮುಚ್ಚೋಕೆ ಮನಸ್ಸು ಬರುವುದಿಲ್ಲ. ಏಜೆಂಟರು ಆ ಕಡೆಯಿಂದ, "ಅಲ್ಲ ಸಾರ್, ನಿಮ್ಮ ಪೇಪರ್ ಪಕ್ಕದ್ಮನೆ ಸಾರೂ ಓದ್ತಿದ್ರಲ್ಲ, ಅವರಿಗೆ?" ಅಂತ ಕೇಳಿದರು. ನಾನು ಒಳ್ಳೇ ಮೂಡಲ್ಲಿದ್ದೆ. ಅಪ್ಪ ಸಿಟ್ಟಾದಾಗ ಮೂಗಿನಿಂದ ಒಂದು ಗಾಳಿ ಬಿಡುತ್ತಾರೆ, ಅದನ್ನೂ ಬಿಟ್ಟು, "ಅವರ ವಿಷಯ ನನಗ್ಯಾಕ್ರೀ? ಓದೋ ಹಾಗಿದ್ರೆ ಅವರೇ ತರಿಸ್ಕೊಳ್ಲಿ. ನನಗೆ ಅವರ ಸಹವಾಸಾನೇ ಬೇಡ" ಅಂದುಬಿಟ್ಟೆ.

ಫೋನ್ ಇಟ್ಟು ಕನ್ನಡಿ ನೋಡಿಕೊಂಡು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಆ ಮಾತು ಎಲ್ಲಿಗೆ ಹೋಗಿ ತಲುಪಿತು ಅಂತ ನನಗೆ ಗೊತ್ತಾಗೋಕೆ ತುಂಬ ದಿನ ಬೇಕಾಯಿತು. ನಿಮಗೆ ಈಗಲೇ ಹೇಳಿಬಿಡ್ತೀನಿ. ಅದು ನೇರವಾಗಿ ಪಕ್ಕದ ಮನೆಗೆ ಹೋಯಿತು.

ನಮ್ಮ ಮನೆ ಇದ್ದದ್ದು ವಿಮಾನಪುರದ ಹಿಂದಿನ ಒಂದು ಬೀದಿಯಲ್ಲಿ. ಅಪ್ಪ ವಿಮಾನದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ರಿಟೈರ್ ಆದವರು. ಪಕ್ಕದ ಮನೆಯ ಅಂಕಲ್ ಅದೇ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಇನ್‌ಸ್ಪೆಕ್ಟರ್ ಅಂದರೆ ಲಾಠಿ ಹಿಡಿಯುವವರಲ್ಲ. ಅಪ್ಪನಂಥವರು ಲೇತ್ ಮೇಲೆ ಮಾಡಿದ ಭಾಗಗಳನ್ನು ಅಳೆದು ನೋಡಿ, ಸರಿ ಇದ್ದರೆ ಮುದ್ರೆ ಹಾಕಿ, ಸರಿ ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವ ಕೆಲಸ. ಅಂಕಲ್ ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ರಿಟೈರ್ ಆದಮೇಲೂ ಅವರ ಇನ್‌ಸ್ಪೆಕ್ಷನ್ ನಿಂತಿರಲಿಲ್ಲ. ಅಂಗಡಿಯಿಂದ ತಂದ ಟೊಮೇಟೊವನ್ನೂ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿಯೇ ಒಳಗೆ ಕಳಿಸುತ್ತಿದ್ದರು. ನಾನು ಆ ಟೊಮೇಟೊ ಸೀನನ್ನು ಮದುವೆ ಮನೆಗಳಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಒಂದು ಕಾಲದಲ್ಲಿ ಇಬ್ಬರೂ ಜೀವದ ಗೆಳೆಯರು. ಸೈಟು ಅಕ್ಕಪಕ್ಕವೇ ಬೇಕು ಅಂತ ಹಟ ಮಾಡಿ ತೆಗೆದುಕೊಂಡವರು. ನಡುವೆ ಎರಡು ಕಾಂಪೌಂಡ್ ಗೋಡೆ ಯಾಕೆ, ಒಂದೇ ಸಾಕು ಅಂತ ಎದೆಮಟ್ಟದ ಒಂದೇ ಗೋಡೆ ಕಟ್ಟಿಸಿದರು. ಖರ್ಚು ಕಡಿಮೆ, ಮೊಣಕೈ ಊರಿ ಮಾತಾಡೋಕೂ ಅನುಕೂಲ. ಆಮೇಲೆ ತೊಂಬತ್ತರ ದಶಕದಲ್ಲಿ ಒಂದು ದಿನ ಅಪ್ಪ ಮಾಡಿದ ಒಂದು ಭಾಗಕ್ಕೆ ಅಂಕಲ್ ಕೆಂಪು ಬಣ್ಣ ಬಳಿದರು. ಕೂದಲೆಳೆಯಷ್ಟು ಹೆಚ್ಚು ಅಂತ ಅವರು, ನಿನ್ನ ಅಳತೆಯೇ ತಪ್ಪು ಅಂತ ಇವರು. ಅದೂ ಹೊಸದಾಗಿ ಸೇರಿದ ಟ್ರೈನಿ ಹುಡುಗರ ಎದುರಿಗೆ. "ಒಳಗೆ ಕರೆದು ಹೇಳಿದ್ರೆ ನಾನೇ ಸರಿ ಮಾಡ್ಕೊಡ್ತಿರಲಿಲ್ವಾ?" ಎನ್ನುವುದು ಅಪ್ಪನ ಕೊರಗು. "ಗೆಳೆಯ ಅಂತ ಪಾಸ್ ಮಾಡಿದ್ರೆ ಆಮೇಲೆ ವಿಮಾನದಲ್ಲಿ ಕೂತವನಿಗೆ ಏನ್ ಹೇಳ್ಲಿ?" ಎನ್ನುವುದು ಅಂಕಲ್ ವಾದ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಅಂದರೆ ಬಾಯಿಮಾತಿಲ್ಲ ಅಷ್ಟೆ. ಪೇಪರ್ ಇತ್ತಲ್ಲ.

ನಮ್ಮ ಮನೆಗೆ ಕನ್ನಡ ಪೇಪರ್, ಅವರ ಮನೆಗೆ ಇಂಗ್ಲಿಷ್ ಪೇಪರ್. ಅಪ್ಪ ಎರಡನೇ ಕಾಫಿ ಮುಗಿಸುವ ಹೊತ್ತಿಗೆ ನಮ್ಮದನ್ನು ಮಡಚಿ ಗೋಡೆ ಮೇಲಿಟ್ಟು, ಹಾರಿಹೋಗದ ಹಾಗೆ ಒಂದು ಕಲ್ಲು ಹೇರುತ್ತಿದ್ದರು. ಅಷ್ಟೊತ್ತಿಗೆ ಆ ಕಡೆಯಿಂದ ಅವರದು ಬಂದಿರುತ್ತಿತ್ತು. ಸಂಜೆ ಎರಡೂ ತಮ್ಮ ತಮ್ಮ ಮನೆಗೆ ವಾಪಸ್, ಯಾಕಂದರೆ ರದ್ದಿ ಯಾರದೋ ಅವರಿಗೇ ಸೇರಬೇಕು. ಇದು ಗೆಳೆತನದ ಕಾಲದಲ್ಲಿ ಶುರುವಾದ ಪದ್ಧತಿ. ಜಗಳ ಆದ ಮಾರನೆಯ ದಿನ ಅಮ್ಮ, "ಇವತ್ತೂ ಇಡ್ತೀರಾ?" ಅಂತ ಕೇಳಿದ್ದಕ್ಕೆ ಅಪ್ಪ, "ಸಿಟ್ಟು ಬೇರೆ, ಪೇಪರ್ ಬೇರೆ" ಅಂದರಂತೆ.

ಸ್ವಲ್ಪ ದಿನಕ್ಕೆ ಅಪ್ಪನ ಕೈಗೆ ಪೆನ್ಸಿಲ್ ಬಂತು. ಎಲ್ಲೋ ಹೊಸ ಸೇತುವೆಯೊಂದು ಬಿರುಕು ಬಿಟ್ಟ ಸುದ್ದಿ ಬಂದಿತ್ತು. ಅಪ್ಪ ಅದರ ಪಕ್ಕದ ಖಾಲಿ ಜಾಗದಲ್ಲಿ, "ಇದನ್ನೂ ಅವರೇ ಪಾಸ್ ಮಾಡಿರಬೇಕು" ಅಂತ ಬರೆದು ಗೋಡೆ ಮೇಲಿಟ್ಟರು. ಸಂಜೆ ಪೇಪರ್ ವಾಪಸ್ ಬಂದಾಗ ಕೆಳಗೆ ಉತ್ತರ ಇತ್ತು: "ಇಲ್ಲ. ನಾನಾಗಿದ್ದರೆ ಕಟ್ಟುವಾಗಲೇ ಕೆಂಪು ಬಳಿಯುತ್ತಿದ್ದೆ." ಅಪ್ಪ ಅದನ್ನು ಓದಿ ಮೂಗಿನಿಂದ ಗಾಳಿ ಬಿಟ್ಟರು. ಆಮೇಲೆ ಮತ್ತೆ ಓದಿದರು. ಆಮೇಲೆ ಪೆನ್ಸಿಲ್ ಚೂಪು ಮಾಡಿದರು.

ಅಲ್ಲಿಂದ ಮುಂದೆ ದಿನಾ ಇದೇ. ಹಳೇ ಮದ್ರಾಸ್ ರಸ್ತೆಯ ಕಾಮಗಾರಿ ಬೇಗ ಮುಗಿಯುತ್ತದೆ ಅಂತ ಸುದ್ದಿ ಬಂದರೆ ಅಪ್ಪ, "ಮುಗಿಯಲ್ಲ" ಅಂತ ಬರೆಯೋರು. ಅಂಕಲ್ ಕೆಳಗೆ, "ಮುಗಿಯುತ್ತೆ. ನಾವು ಮುಗಿದಮೇಲೆ" ಅನ್ನೋರು. ಕ್ರಿಕೆಟ್ ಪುಟದಲ್ಲಿ ಅಪ್ಪ, "ಅದು ಔಟೇ ಅಲ್ಲ" ಅಂದರೆ ಅಂಕಲ್, "ಅಂಪೈರ್ ಹೇಳಿದಮೇಲೆ ಔಟ್" ಅನ್ನೋರು. ಮಾರನೆಯ ದಿನ ಅಪ್ಪ ಇಂಗ್ಲಿಷ್ ಪೇಪರಿನಲ್ಲಿ ಕನ್ನಡಕದ ಅಂಗಡಿಯ ಜಾಹೀರಾತು ಹುಡುಕಿ, ಸುತ್ತ ಗೆರೆ ಎಳೆದು, "ಅಂಪೈರ್‌ಗೆ ತಿಳಿಸಿ" ಅಂತ ಬರೆದು ಕಳಿಸಿದರು. ರಾಶಿ ಭವಿಷ್ಯದಲ್ಲಿ ಅಂಕಲ್ ರಾಶಿಗೆ "ಮಾತಿನಲ್ಲಿ ಹಿಡಿತವಿರಲಿ" ಅಂತ ಬಂದ ದಿನವಂತೂ ಅಪ್ಪನಿಗೆ ಹಬ್ಬ. ಎರಡೆರಡು ಸಲ ಅಡಿಗೆರೆ.

ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ನಾನು ಊಟಕ್ಕೆ ಕೂತಾಗ ಎರಡೂ ಧ್ವನಿಯಲ್ಲಿ ಅವತ್ತಿನ ಜಗಳ ಓದಿ ಅಮ್ಮನನ್ನು ನಗಿಸುತ್ತಿದ್ದೆ. ಅಂಕಲ್ ಧ್ವನಿ ಮಾಡೋದು ಸುಲಭ, ಹೊಟ್ಟೆಯಿಂದ ಬರಬೇಕು, ಪ್ರತಿ ವಾಕ್ಯದ ಕೊನೆಗೆ ಬಾಗಿಲು ಹಾಕಿಕೊಂಡ ಹಾಗಿರಬೇಕು. ಅಂಕಲ್ ಹೆಂಡತಿ, ಆಂಟಿಗೆ, ಆಸ್ಪತ್ರೆಯಲ್ಲಿ ಆಪರೇಷನ್ ಆದ ವಾರ ಮಾತ್ರ ನಾನು ಓದಲಿಲ್ಲ. ಅಮ್ಮ ದಿನಾ ಆಸ್ಪತ್ರೆಗೆ ಸಾರು ತಗೊಂಡು ಹೋಗುತ್ತಿದ್ದಳು, ಬಂದು ಎಲ್ಲ ಹೇಳುತ್ತಿದ್ದಳು, ಅಪ್ಪನಿಗೆ ಎಲ್ಲ ಗೊತ್ತಿತ್ತು. ಆದರೂ ಹವಾಮಾನದ ಚೌಕದ ಪಕ್ಕ ಸಣ್ಣ ಅಕ್ಷರದಲ್ಲಿ, "ಈಗ ಹೇಗಿದ್ದಾರೆ?" ಅಂತ ಬರೆದಿದ್ದರು. ಸಂಜೆ ಕೆಳಗೆ, "ಮೋಡ ಇಲ್ಲ" ಅಂತಿತ್ತು. ಅಪ್ಪ ಆ ಪುಟವನ್ನು ರದ್ದಿಗೆ ಹಾಕದೆ ಮಡಚಿ ಎಲ್ಲೋ ಇಟ್ಟರು. ಎಲ್ಲಿ ಅಂತ ನಾನು ಹುಡುಕಲಿಲ್ಲ. ನನ್ನಂಥ ಕಪಿಗೂ ಅಷ್ಟು ಮರ್ಯಾದೆ ಇತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಯಾಕೆ ಪೇಪರ್ ನಿಲ್ಲಿಸಿದೆ? ಬುದ್ಧಿ ಜಾಸ್ತಿಯಾಗಿತ್ತು, ಅದಕ್ಕೆ. ಆಗ ನನಗೆ ಇಂದಿರಾನಗರದಲ್ಲಿ ಕಾಲ್ ಸೆಂಟರ್ ಕೆಲಸ ಸಿಕ್ಕಿತ್ತು. ಅಮೆರಿಕದ ಅಜ್ಜಿಯರಿಗೆ ಅವರ ಮಿಕ್ಸಿ ಯಾಕೆ ತಿರುಗುತ್ತಿಲ್ಲ ಅಂತ ಅವರದೇ ರಾಗದಲ್ಲಿ ಹೇಳಿಕೊಡುವ ಕೆಲಸ. ಹುಟ್ಟಿದಾಗಿನಿಂದ ಬೈಸಿಕೊಂಡು ಮಾಡಿದ್ದ ಮಿಮಿಕ್ರಿಗೆ ಮೊದಲ ಸಲ ಸಂಬಳ ಬರುತ್ತಿತ್ತು. ಬೆಳಿಗ್ಗೆ ಮನೆಗೆ ಬಂದು ಬಾಗಿಲು ತಟ್ಟಿ, "ಅಮ್ಮಾ" ಅನ್ನೋದನ್ನೂ ಅಮೆರಿಕದ ರಾಗದಲ್ಲಿ ಅಂದು, "ಯಾರ್ರೀ ಬೇಕಿತ್ತು?" ಅನ್ನಿಸಿಕೊಂಡಿದ್ದೇನೆ. ನನ್ನ ಸ್ವಂತ ಧ್ವನಿ ಯಾವುದು ಅಂತ ಯಾರಾದರೂ ಕೇಳಿದ್ದರೆ ಸ್ವಲ್ಪ ಟೈಮ್ ಕೊಡಿ ಅನ್ನಬೇಕಿತ್ತು.

ಆ ಸಂಬಳದಲ್ಲಿ ಮನೆಗೆ ಕಂಪ್ಯೂಟರ್ ತಂದೆ. ಸಿಪಿಯು ಡಬ್ಬ ಹೊಸದು, ಮಾನಿಟರ್ ಮಾತ್ರ ಶಿವಾಜಿನಗರದ ಸೆಕೆಂಡ್ ಹ್ಯಾಂಡ್ ಅಂಗಡಿಯದು. ಮಾರಿದವರು ಅದರ ತಲೆ ಸವರಿ, "ಬೊಂಬಾಟ್ ಹೈ ಸಾಬ್, ಆಂಖ್ ಬಂದ್ ಕರ್ಕೇ ಲೇಕೇ ಜಾವ್" ಅಂದರು. ನಾನು ಅವರು ಹೇಳಿದ ಹಾಗೇ ಕಣ್ಣು ಮುಚ್ಚಿಕೊಂಡೇ ತಂದೆ. ಇಂಟರ್‌ನೆಟ್ ಹಾಕಿಸಿದೆ. ನನಗೋ ಹೊಸದಾಗಿ ಮದುವೆಯಾದವನ ಉತ್ಸಾಹ. ಮಂಚದ ಕೆಳಗಿದ್ದ ರದ್ದಿ ನೋಡಿದರೆ ಮೈ ಉರಿಯುತ್ತಿತ್ತು. "ಅಪ್ಪಾ, ಪ್ರಪಂಚ ಎಲ್ಲಿಗೆ ಹೋಗಿದೆ, ನೀವಿನ್ನೂ ನಿನ್ನೆ ನಡೆದಿದ್ದನ್ನ ಇವತ್ತು ಓದ್ತೀರಲ್ಲ!" ಅಂದೆ. ಅಪ್ಪ, "ಯೋಚನೆ ಮಾಡೋಣ" ಅಂದರು. ಕಾರ್ಖಾನೆಯಲ್ಲಿ ಇದ್ದವರ ಬಾಯಲ್ಲಿ 'ಯೋಚನೆ ಮಾಡೋಣ' ಅಂದರೆ 'ಆಗಲ್ಲ' ಅಂತ ಅರ್ಥ. ಅದಕ್ಕೇ ಅವರ ಪರವಾಗಿ ನಾನೇ ಯೋಚನೆ ಮಾಡಿ, ಅವರ ಧ್ವನಿಯಲ್ಲೇ ಏಜೆಂಟರಿಗೆ ಹೇಳಿದೆ. ಮಗ ಫೋನ್ ಮಾಡಿದ್ದರೆ, 'ಯಜಮಾನರನ್ನ ಕೇಳಿ ಹೇಳಪ್ಪ' ಅಂತಿದ್ದರು ಆ ಏಜೆಂಟರು.

ಮಾರನೆಯ ಬೆಳಿಗ್ಗೆ ನಾನು ಕೆಲಸದಿಂದ ಬಂದಾಗ ಅಪ್ಪ ಗೇಟ್ ಹತ್ತಿರ ನಿಂತಿದ್ದರು.

"ಪೇಪರ್ ಇನ್ನೂ ಬಂದಿಲ್ಲ ಕಣೋ."

"ಬರಲ್ಲಪ್ಪ. ಏಜೆಂಟರಿಗೆ ಹೇಳಿ ನಿಲ್ಲಿಸಿಬಿಟ್ಟೆ. ಇನ್ಮೇಲೆ ಎಲ್ಲಾ ಕಂಪ್ಯೂಟರಲ್ಲೇ. ಬನ್ನಿ ತೋರಿಸ್ತೀನಿ."

ಹೇಗೆ ಹೇಳಿದೆ, ಯಾರ ಧ್ವನಿಯಲ್ಲಿ ಹೇಳಿದೆ ಅನ್ನೋದನ್ನು ನುಂಗಿಕೊಂಡೆ. ಬೈಗುಳಕ್ಕೆ ತಯಾರಾಗಿದ್ದೆ, ಬರಲಿಲ್ಲ. ಅಪ್ಪ ಗೋಡೆ ಕಡೆ ನೋಡಿದರು. ಅಲ್ಲಿ ಇಂಗ್ಲಿಷ್ ಪೇಪರೂ ಇರಲಿಲ್ಲ. ಕಲ್ಲೊಂದೇ ಕೂತಿತ್ತು.

"ಪಕ್ಕದೋರಿಗೆ ಹೇಳಿದ್ಯಾ?"

"ಅವರಿಗ್ಯಾಕೆ ಹೇಳ್ಲಿ? ನೀವು ಮಾತೇ ಆಡಲ್ವಲ್ಲ!"

"ಹೌದಲ್ಲ," ಅಂದರು ಅಪ್ಪ. "ಮಾತೇ ಆಡಲ್ಲ."

ಅವರು ಅಂದುಕೊಂಡದ್ದು ಇಷ್ಟು: ನಮ್ಮ ಪೇಪರ್ ಒಂದು ದಿನ ಬರಲಿಲ್ಲ ಅಂದಕೂಡಲೇ ಆತ ತನ್ನದನ್ನೂ ಎತ್ತಿಟ್ಟುಕೊಂಡ. ಇದಕ್ಕೇ ಕಾಯುತ್ತಿದ್ದ ಅನ್ನಿಸುತ್ತೆ. ಆ ಕಡೆ ಅಂಕಲ್ ಏನು ಅಂದುಕೊಂಡರು ಅಂತ ನಿಮಗೆ ಗೊತ್ತು. ನನಗೆ ಗೊತ್ತಿರಲಿಲ್ಲ. ನಾನು ಹಾಯಾಗಿ ಮಲಗಿದೆ.

ಅಪ್ಪ ಕಂಪ್ಯೂಟರ್ ಮುಂದೆ ಕೂರುವುದನ್ನು ಕಲಿತರು. ಮೊದಮೊದಲು ಕನ್ನಡದ ಪುಟ ತೆಗೆದರೆ ಅಕ್ಷರದ ಬದಲು ಬರೀ ಚೌಕ ಚೌಕ. "ಏನೋ ಇದು, ಸೋನ್ ಪಾಪ್ಡಿ ಕತ್ತರಿಸಿಟ್ಟ ಹಾಗಿದೆ" ಅಂದರು. ನಾನು ಅದ್ಯಾವುದೋ ಫಾಂಟ್ ಇಳಿಸಿ ಸರಿ ಮಾಡಿದೆ. ಆಮೇಲೆ ಒತ್ತಕ್ಷರಗಳು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂರುತ್ತಿದ್ದವು, ಅಪ್ಪ ಅದಕ್ಕೂ ಹೊಂದಿಕೊಂಡರು. ತಾಳ್ಮೆಯ ಮನುಷ್ಯ. ಸುದ್ದಿ ಪೂರ್ತಿ ಓದುತ್ತಿದ್ದರು. ಓದಿ ಮುಗಿಸಿ ಸುಮ್ಮನೆ ಕೂರುತ್ತಿದ್ದರು. ಮೂಗಿನ ಗಾಳಿ ಕೇಳಿಸುತ್ತಿರಲಿಲ್ಲ. ಕಿವಿಯ ಹಿಂದೆ ಪೆನ್ಸಿಲ್ ಮಾತ್ರ ಅಭ್ಯಾಸಬಲದಿಂದ ಹಾಗೇ ಇರುತ್ತಿತ್ತು. ಒಂದು ಬೆಳಿಗ್ಗೆ ನಾನು ಮೇಲ್ ನೋಡೋಕೆ ಕೂತರೆ ಮಾನಿಟರಿನ ಗಾಜಿನ ಮೇಲೆ ಒಂದು ಸಣ್ಣ ಬೂದು ಗೆರೆ. ಪೆನ್ಸಿಲ್ ಗೆರೆ. ಒರೆಸಿದೆ. ಮಾರನೆಯ ದಿನ ಮತ್ತೆ ಅದೇ, ಬೇರೆ ಜಾಗದಲ್ಲಿ. ಒರೆಸೋಕೆ ಹೋದ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಅಮ್ಮನ ಕಷ್ಟ ಬೇರೆ ಥರದ್ದು. ಪೇಪರಿನಲ್ಲಿ ಸುದ್ದಿ ಇರುತ್ತದೆ ಅನ್ನೋದು ಅವಳಿಗೆ ಅಷ್ಟು ಮುಖ್ಯ ಅಲ್ಲ. ಸೊಪ್ಪು ಬಿಡಿಸೋಕೆ ಕೆಳಗೆ ಏನು ಹಾಸೋದು? ಅಡುಗೆಮನೆ ಶೆಲ್ಫಿಗೆ ಏನು ಹಾಕೋದು? ಕರಿದ ಬೋಂಡದ ಎಣ್ಣೆ ಯಾವುದರಲ್ಲಿ ಹೀರಿಸೋದು? "ನಿನ್ನ ಕಂಪ್ಯೂಟರ್ ಮೇಲೆ ಹಪ್ಪಳ ಒಣಗ್ಹಾಕ್ಲಾ?" ಅಂತ ಕೇಳಿದಳು. ನಾನು ಕಾಲ್ ಸೆಂಟರ್ ರಾಗದಲ್ಲಿ, "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಮೇಡಂ" ಅಂದೆ. ಸೌಟು ಹಾರಿ ಬಂತು. ನಮ್ಮಮ್ಮನ ಗುರಿ ಯಾವಾಗಲೂ ಚೆನ್ನಾಗಿತ್ತು.

ಹೆಂಗಸರಿಬ್ಬರಿಗೂ ಈ ಜಗಳ ಯಾವತ್ತೂ ಅನ್ವಯಿಸಿರಲಿಲ್ಲ. ಅದೇ ಗೋಡೆಯ ಹಿಂದಿನ ತುದಿಯಲ್ಲಿ, ನಲ್ಲಿ ಹತ್ತಿರ, ಅಮ್ಮ ಮತ್ತು ಆಂಟಿ ದಿನಾ ಮಾತಾಡುತ್ತಿದ್ದರು. ಒಂದು ದಿನ ನಾನು ಹಲ್ಲುಜ್ಜುತ್ತಾ ಅಲ್ಲೇ ನಿಂತಿದ್ದೆ.

"ನಮ್ಮ ಹುಡುಗಂದೇ ಕೆಲಸ ಇದು," ಅಂದಳು ಅಮ್ಮ. "ನಿಮ್ಮ ಯಜಮಾನ್ರಿಗೆ ಹೇಳಿ."

"ಹೇಳ್ದೆನಮ್ಮಾ, ಹೇಳದೆ ಇರ್ತೀನಾ? 'ಹುಡುಗನ ಮೇಲೆ ಯಾಕೆ ಹಾಕ್ತಾರೆ, ನನಗೆಲ್ಲಾ ಗೊತ್ತು' ಅಂತಾರೆ. ಏನು ಗೊತ್ತು ಅಂತ ಕೇಳಿದ್ರೆ ಬಾಯಿ ಬಿಡಲ್ಲ. ಅಯ್ಯೋ, ನಿಮಗೆ ಹೇಳ್ತೀನಿ, ಇವಾಗ್ಲೂ ಪೆನ್ಸಿಲ್ ಇಟ್ಕೊಂಡೇ ಕೂರ್ತಾರೆ. ಬರೀತಾರೆ. ಬರೆದು ತಾನೇ ನಗ್ತಾರೆ. ಆಮೇಲೆ ಗೋಡೆ ಕಡೆ ನೋಡ್ತಾರೆ, ಮಡಚಿ ಒಳಗೆ ಇಟ್ಬಿಡ್ತಾರೆ. ಊಟಕ್ಕೆ ಕರೆದ್ರೆ ಹಸಿವಿಲ್ಲ ಅಂತಾರೆ."

ಬಾಯಲ್ಲಿ ಪೇಸ್ಟ್ ಇದ್ದದ್ದರಿಂದ ನನಗೆ ಜೋಕ್ ಮಾಡೋಕೆ ಆಗಲಿಲ್ಲ. ಇರದಿದ್ದರೂ ಆಗುತ್ತಿರಲಿಲ್ಲವೇನೋ. ನನ್ನ ಅಪ್ಪನಿಗೆ ಇಡೀ ಬೀದಿಯಲ್ಲಿ ಮನಸ್ಸು ಬಿಚ್ಚಿ ಜಗಳ ಆಡೋಕೆ ಇದ್ದದ್ದು ಒಬ್ಬನೇ ಮನುಷ್ಯ. ಆ ಮನುಷ್ಯನಿಗೂ ಇವರೊಬ್ಬರೇ. ಅದನ್ನು ನಾನು ಫೋನಿನಲ್ಲಿ ಕತ್ತರಿಸಿ ಹಾಕಿದ್ದೆ, ಉಚಿತವಾಗಿ ಸುದ್ದಿ ಸಿಗುತ್ತದೆ ಅನ್ನೋ ಖುಷಿಗೆ.

ಮೊದಲು ನನಗೆ ಹೊಳೆದದ್ದೂ ಕಂಪ್ಯೂಟರ್ ಬುದ್ಧಿಯೇ. ಸೈಬರ್ ಕೆಫೆಗೆ ಹೋಗಿ ಅವತ್ತಿನ ಸುದ್ದಿಗಳನ್ನು ಪ್ರಿಂಟ್ ತೆಗೆಸಿ, ಪಿನ್ ಹೊಡೆದು, ಗೋಡೆ ಮೇಲೆ ಕಲ್ಲಿನ ಕೆಳಗಿಟ್ಟೆ. ಸಂಜೆವರೆಗೆ ಅದನ್ನು ಯಾರೂ ಮುಟ್ಟಲಿಲ್ಲ. ಅಪ್ಪ ನೋಡಿ, "ಏನೋ ಇದು, ಕೋರ್ಟ್ ನೋಟಿಸ್ ಥರ ಇದೆ?" ಅಂದರು. ಸಂಜೆಯ ಹೊತ್ತಿಗೆ ಬೀದಿ ಹಸುವೊಂದು ಗೇಟಿನಿಂದ ಕತ್ತು ಚಾಚಿ ಅದನ್ನು ತಿಂದು ಹಾಕಿತು. ನನ್ನ ಡಿಜಿಟಲ್ ಕ್ರಾಂತಿಗೆ ಸಿಕ್ಕ ಏಕೈಕ ಓದುಗ ಅದು.

ಸರಿ, ಪೇಪರನ್ನೇ ಮತ್ತೆ ಹಾಕಿಸೋಣ ಅಂತ ಏಜೆಂಟರ ಬಂಕಿಗೆ ಹೋದೆ. ಬಸ್ ಸ್ಟಾಪಿನ ಪಕ್ಕ ಅವರ ಪುಟ್ಟ ಅಂಗಡಿ. ಮುಂದೆ ದಾರಕ್ಕೆ ವಾರಪತ್ರಿಕೆಗಳನ್ನು ಕ್ಲಿಪ್ ಹಾಕಿ ನೇತುಬಿಟ್ಟಿರುತ್ತಿದ್ದರು. ಬೆಳಗಿನ ಜಾವ ಇಡೀ ಏರಿಯಾಕ್ಕೆ ಮೊಪೆಡ್ಡಿನಲ್ಲಿ ತಾವೇ ಪೇಪರ್ ಹಾಕುತ್ತಿದ್ದರು.

"ನಾಳೆಯಿಂದ ನಮ್ಮನೆಗೆ ಪೇಪರ್ ಹಾಕಿ ಅಣ್ಣ."

"ಆಗಲ್ಲಪ್ಪ."

"ಯಾಕೆ?"

"ಯಜಮಾನ್ರು ಖುದ್ದು ಫೋನ್ ಮಾಡಿ ಬೇಡ ಅಂದವ್ರೆ. ನೀನು ಬಂದು ಬೇಕು ಅಂತೀಯ. ಅಪ್ಪ ಮಗನ ಮಧ್ಯ ನಾನ್ಯಾಕೆ ಸಿಕ್ಕಾಕ್ಕೊಳ್ಲಿ? ಅವರೇ ಒಂದು ಮಾತು ಹೇಳ್ಲಿ, ಹಾಕ್ತೀನಿ." ಆಮೇಲೆ ದನಿ ತಗ್ಗಿಸಿ, "ಅವತ್ತು ಬಲು ಸಿಟ್ಟಲ್ಲಿದ್ರು ಗುರು. ಪಕ್ಕದ್ಮನೆ ಸಾರ್ ಸಹವಾಸಾನೇ ಬೇಡ ಅಂದ್ರು. ನಾನು ಮಾರನೇ ದಿನ ಪೇಪರ್ ಹಾಕೋವಾಗ ಆ ಸಾರ್ ಗೇಟಲ್ಲಿದ್ರು, 'ಅವರಿಗೆ ಯಾಕೆ ಹಾಕಿಲ್ಲ?' ಅಂತ ಕೇಳಿದ್ರು. ನಾನು ಇದ್ದಿದ್ದನ್ನ ಇದ್ದಂಗೇ ಹೇಳ್ಬಿಟ್ಟೆ. ಪಾಪ ಅವರು, ಕೈಲಿದ್ದ ಪೇಪರ್ ಹಂಗೇ ಮಡಚ್ಕೊಂಡು ಒಳಗೆ ಹೋದ್ರು."

ಅಲ್ಲಿಂದ ಮನೆಗೆ ನಡೆದು ಬರುವಾಗ ತಲೆಯಲ್ಲಿ ಒಂದು ದಾರಿ ಹೊಳೆಯದೆ ಇರಲಿಲ್ಲ. ಮತ್ತೊಂದು ಫೋನ್, ಅದೇ ಧ್ವನಿ, 'ಹ್ಞಾಂ, ನೋಡಿ, ನಾಳೆಯಿಂದ ಹಾಕಿ.' ಪೇಪರ್ ಬಂದುಬಿಡುತ್ತಿತ್ತು. ಆದರೆ ಸಹವಾಸ ಬೇಡ ಅನ್ನೋ ಮಾತು ಆ ಮನೆಯಲ್ಲಿ ಹಾಗೇ ಕೂತಿರುತ್ತಿತ್ತಲ್ಲ? ಅದನ್ನು ಯಾವ ಏಜೆಂಟರು ವಾಪಸ್ ತರುತ್ತಾರೆ?

ಭಾನುವಾರ ಬೆಳಿಗ್ಗೆ ಪಕ್ಕದ ಮನೆ ಗೇಟ್ ತೆಗೆದೆ. ಅಂಕಲ್ ಮುಂದಿನ ಸಿಟ್‌ಔಟಿನಲ್ಲಿ ಪೇಪರ್ ಹಿಡಿದು ಕೂತಿದ್ದರು. ಕೈಯಲ್ಲಿ ಪೆನ್ಸಿಲ್.

"ಏನಪ್ಪಾ?"

"ಅಂಕಲ್, ಅವತ್ತು ಏಜೆಂಟರಿಗೆ ಫೋನ್ ಮಾಡಿದ್ದು ಅಪ್ಪ ಅಲ್ಲ."

ಪೇಪರ್ ಸ್ವಲ್ಪ ಕೆಳಗಿಳಿಯಿತು. ಕನ್ನಡಕದ ಮೇಲಿಂದ ಎರಡು ಕಣ್ಣು.

"ಮತ್ತೆ?"

"ನಾನು. ಅಪ್ಪನ ಥರ..."

ಅಷ್ಟರಲ್ಲಿ ತಲೆ ಮೇಲೆ ವಿಮಾನ ಬಂತು. ನಮ್ಮ ಬೀದಿಯಲ್ಲಿ ವಿಮಾನ ಹೋಗುವಾಗ ಯಾರೂ ಮಾತಾಡುವುದಿಲ್ಲ. ಅರ್ಧ ಮಾತನ್ನು ಬಾಯಲ್ಲೇ ಹಿಡಿದುಕೊಂಡು, ಶಬ್ದ ಹೋದಮೇಲೆ ಅಲ್ಲಿಂದಲೇ ಮುಂದುವರಿಸುತ್ತೇವೆ. ನಾನು ಬಾಯಿ ತೆರೆದುಕೊಂಡು ನಿಂತೆ, ಅವರು ನನ್ನನ್ನು ಟೊಮೇಟೊ ನೋಡುವ ಹಾಗೆ ನೋಡುತ್ತಾ ಕೂತರು. ಜೀವನದಲ್ಲಿ ಯಾವ ವಿಮಾನವೂ ಅಷ್ಟು ನಿಧಾನವಾಗಿ ಹಾರಿದ್ದನ್ನು ನಾನು ಕಂಡಿಲ್ಲ.

"...ಧ್ವನಿ ಮಾಡಿ ಮಾತಾಡಿದೆ ಅಂಕಲ್. ಆ ಮಾತೂ ನಂದೇ. ಅಪ್ಪಂಗೆ ಗೊತ್ತೇ ಇಲ್ಲ."

"ಸುಳ್ಳು," ಅಂದರು ಅಂಕಲ್. "ಅಪ್ಪನ್ನ ಉಳಿಸೋಕೆ ಬಂದಿದ್ದೀಯ. ಒಳ್ಳೇ ಹುಡುಗ. ಹೋಗು."

"ನಿಜ ಅಂಕಲ್!"

"ಹಾಗಾದ್ರೆ ಮಾಡಿ ತೋರ್ಸು. ನೋಡದೆ ನಾನು ಯಾವುದನ್ನೂ ಪಾಸ್ ಮಾಡಲ್ಲ."

ಎಷ್ಟೋ ಮದುವೆ ಮನೆಗಳಲ್ಲಿ ಮಾಡಿದ್ದೇನೆ, ಯಾವತ್ತೂ ಇಷ್ಟು ಕಷ್ಟ ಅನ್ನಿಸಿರಲಿಲ್ಲ. ಗಂಟಲು ಸರಿಮಾಡಿಕೊಂಡೆ. ಮೂಗಿನಿಂದ ಗಾಳಿ ಬಿಟ್ಟೆ. "ಹ್ಞಾಂ, ನೋಡಿ, ನಾಳೆಯಿಂದ ನಮಗೆ ಪೇಪರ್ ಬೇಡ. ಅವರ ವಿಷಯ ನನಗ್ಯಾಕ್ರೀ? ಓದೋ ಹಾಗಿದ್ರೆ ಅವರೇ ತರಿಸ್ಕೊಳ್ಲಿ. ನನಗೆ ಅವರ ಸಹವಾಸಾನೇ ಬೇಡ."

ಅಂಕಲ್ ಕೈಯಲ್ಲಿದ್ದ ಪೆನ್ಸಿಲ್ ಬಿತ್ತು. ಅದರ ಹಿಂದೆಯೇ ಗೋಡೆಯ ಆ ಕಡೆಯಿಂದ ನಲ್ಲಿ ನಿಲ್ಲಿಸಿದ ಶಬ್ದ. ಅಪ್ಪ ಗಿಡಕ್ಕೆ ನೀರು ಹಾಕುತ್ತಿದ್ದರು ಅನ್ನೋದನ್ನು ನಾನು ನೋಡಿಯೇ ಇರಲಿಲ್ಲ. ಪೈಪ್ ಹಿಡಿದುಕೊಂಡು ಗೋಡೆ ಹತ್ತಿರ ಬಂದರು.

"ಯಾರ್ರೀ ಅಲ್ಲಿ ನನ್ನ ಥರ ಮಾತಾಡ್ತಿರೋದು?"

ಅಪ್ಪ ನನ್ನ ಮುಖ ನೋಡಿದರು, ಅಂಕಲ್ ಮುಖ ನೋಡಿದರು, ಎಲ್ಲ ಅರ್ಥ ಮಾಡಿಕೊಂಡರು. ಪೈಪಿನಲ್ಲಿ ಉಳಿದಿದ್ದ ನೀರು ಅವರ ಕಾಲಿನ ಮೇಲೆ ಸುರಿಯುತ್ತಿತ್ತು.

"ನಾನು ಹಾಗೆ ಅಂತೀನೇನೋ?" ಅಂದರು. ಕೇಳಿದ್ದು ನನ್ನನ್ನು. ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ. "ಸಹವಾಸ ಬೇಡ ಅಂತ ನಾನು ಯಾವತ್ತಾದ್ರೂ ಅಂದಿದ್ದೀನೇನೋ?"

ಅಂಕಲ್ ಎದ್ದು ಗೋಡೆ ಹತ್ತಿರ ಬಂದರು. ಅವರೂ ನನಗೇ ಹೇಳಿದರು: "ನಿಮ್ಮಪ್ಪನಿಗೆ ಹೇಳು, ಸ್ವರ ಅವರದೇ ಇತ್ತು, ಅದಕ್ಕೇ ನಂಬಿದೆ ಅಂತ."

"ಅವರಿಗೆ ಹೇಳು," ಅಂದರು ಅಪ್ಪ, "ಅಷ್ಟು ವರ್ಷ ಅಳತೆ ತಗೊಂಡೋರಿಗೆ ಅಸಲಿ ಯಾವುದು ನಕಲಿ ಯಾವುದು ಗೊತ್ತಾಗಲಿಲ್ವಾ ಅಂತ."

"ಕಾಣೋದನ್ನ ಅಳೀಬೋದು, ಕೇಳೋದನ್ನ ಹೆಂಗೆ ಅಳೀತಾರೆ ಅಂತ ಕೇಳು."

ನಡುವೆ ನಾನು. ಇಬ್ಬರ ಮಧ್ಯೆ ಒಂದು ಮೊಳ ಜಾಗ, ಎದೆಮಟ್ಟದ ಗೋಡೆ, ಆದರೂ ಮಾತೆಲ್ಲ ನನ್ನ ಮೇಲಿಂದಲೇ ಹೋಗಬೇಕು. ಅಡುಗೆಮನೆ ಕಿಟಕಿಯಲ್ಲಿ ಅಮ್ಮ, ಅವರ ಮನೆ ಬಾಗಿಲಲ್ಲಿ ಆಂಟಿ, ಇಬ್ಬರೂ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅಪ್ಪನ ಕಿವಿ ಕೆಂಪಾಗಿತ್ತು. ಅಂಕಲ್ ತಮ್ಮ ಕೈಲಿದ್ದ ಪೇಪರನ್ನು ಯೋಚಿಸದೆಯೇ ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದರು. ಆ ಕ್ಷಣಕ್ಕೆ ಸುಮ್ಮನಿರಬೇಕಿತ್ತು. ಎರಡು ಕೈ ಜೋಡಿಸಿ ತಪ್ಪಾಯ್ತು ಅಂದಿದ್ದರೆ ಸಾಕಿತ್ತು. ಆದರೆ ನಾಚಿಕೆಯಾದಾಗ ನನಗೆ ಮಾತು ಜಾಸ್ತಿ ಬರುತ್ತದೆ. ಹೇಗಾದರೂ ಮಾಡಿ ಕಂಪ್ಯೂಟರಿನ ಮಾನ ಉಳಿಸಬೇಕು ಅನ್ನಿಸಿಬಿಟ್ಟಿತು.

"ಅಂಕಲ್, ಅದನ್ನೆಲ್ಲ ಬಿಡಿ, ಇದಕ್ಕೆ ಈಗ ಬೇರೆ ದಾರಿ ಇದೆ. ಬ್ಲಾಗ್ ಅಂತ ಬಂದಿದೆ. ನಿಮ್ಮಿಬ್ಬರಿಗೂ ಒಂದು ಮಾಡ್ಕೊಡ್ತೀನಿ. ಅಪ್ಪ ಬರೆದಿದ್ದಕ್ಕೆ ನೀವು ಅಲ್ಲೇ ಕೆಳಗೆ ಉತ್ತರ ಬರೀಬೋದು, ಸಂಜೆವರೆಗೂ ಕಾಯೋದೇ ಬೇಡ. ಗೋಡೆ ಬೇಡ, ಕಲ್ಲು ಬೇಡ, ಪೆನ್ಸಿಲ್ ಬೇಡ. ಯೋಚನೆ ಮಾಡಿ ಅಂಕಲ್, ನೀವು ಬರೆದಿದ್ದನ್ನ ಇಡೀ ಪ್ರಪಂಚ ನೋಡುತ್ತೆ!"

ಅಂಕಲ್ ಇಷ್ಟು ಹೊತ್ತೂ ಕೈಯಲ್ಲಿದ್ದ, ಮಡಚಿ ಪುಟ್ಟದಾಗಿದ್ದ ಆ ಪೇಪರನ್ನು ನ್ಯಾಪ್ಕಿನ್ ಬಿಚ್ಚಿದ ಹಾಗೆ ಮೆಲ್ಲಗೆ ಬಿಚ್ಚಿ, ಅಂಗೈಯಲ್ಲಿ ಸವರಿ, ಅಪ್ಪನ ಮುಂದೆ ಗೋಡೆ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಪ್ರಪಂಚದ ಜೊತೆ ನನಗೇನು ಜಗಳಾನಾ? ನನ್ನ ಜಗಳ ಇರೋದು ನಿಮ್ಮಪ್ಪನ ಜೊತೆ. ಪೇಪರ್ ಹಾಕ್ಸು, ಹೋಗು."